ಲೆಡ್ಜರಿನಲ್ಲಿದ್ದ ಬೋಲ್ಟು ಬಿನ್ನಿನಲ್ಲಿ ಇರಲಿಲ್ಲ

(ಮಂಡ್ಯದಲ್ಲಿ ಬಿಬಿಎ, ಬಿ.ಕಾಂ ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಬಾಯಿಮಾತಿನಲ್ಲಿ ಬಿಟ್ಟುಹೋಗಿದ್ದ ಕೆಲವು ಅಂಕಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಬಂದಿದ್ದೀರಿ. ನನಗೆ ಅದು ತುಂಬ ಸಂತೋಷದ ವಿಷಯ. ಇಂಟರ್ನ್‌ಶಿಪ್, ಅಂದರೆ ಓದುವಾಗಲೇ ಕಂಪನಿಗೆ ಹೋಗಿ ಕೆಲಸ ಕಲಿಯುವುದು, ಅದರ ಬಗ್ಗೆ ಮಾತಾಡುವಾಗ ಸಾಮಾನ್ಯವಾಗಿ ಪೋಷಕರನ್ನು ಯಾರೂ ಕರೆಯುವುದಿಲ್ಲ. ಆದರೆ ಮಗಳು ಬೆಳಿಗ್ಗೆ 6 ಗಂಟೆಗೆ ಮನೆ ಬಿಟ್ಟು ಮೈಸೂರಿನ ಫ್ಯಾಕ್ಟರಿಗೆ ಹೋಗಬಹುದಾ ಬೇಡವಾ ಅನ್ನುವುದು ತೀರ್ಮಾನವಾಗುವುದು ನಿಮ್ಮ ಅಡುಗೆಮನೆಯಲ್ಲಿ. ಹಾಗಾಗಿ ನನ್ನ ಅರ್ಧ ಮಾತು ನಿಮಗೇ.

ನಾನು ಪಾಂಡವಪುರ ತಾಲ್ಲೂಕಿನ ಹಳ್ಳಿಯವಳು. ಅಪ್ಪ ಕಬ್ಬು ಬೆಳೆಯುತ್ತಿದ್ದರು. ನಾನು ಮೈಸೂರಿನಲ್ಲಿ ಬಿಬಿಎಂ ಓದಿದೆ. ಈಗ ನೀವು ಬಿಬಿಎ ಅನ್ನುವುದಕ್ಕೆ ಆಗ ನಮ್ಮಲ್ಲಿ ಬಿಬಿಎಂ ಅನ್ನುತ್ತಿದ್ದರು. ಪಾಂಡವಪುರ ಸ್ಟೇಷನ್ನಿನಿಂದ ಪಾಸ್ ಮಾಡಿಸಿಕೊಂಡು ಮೂರು ವರ್ಷ ರೈಲಿನಲ್ಲಿ ಓಡಾಡಿದೆ. ಆಮೇಲೆ ಮೈಸೂರಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಮತ್ತು ಪರ್ಚೇಸ್ ವಿಭಾಗ ಸೇರಿದೆ. 18 ವರ್ಷದಿಂದ ಇದೇ ಕೆಲಸ. ಪ್ರತಿ ವರ್ಷ ನಾಲ್ಕೈದು ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ ಅಂತ ನಮ್ಮ ವಿಭಾಗಕ್ಕೆ ಬರುತ್ತಾರೆ. ಅವರನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಅದು ನನಗೆ ಇಷ್ಟದ ಕೆಲಸ.

ಬಿಸಿನೆಸ್ ಡಿಗ್ರಿ ಓದುವವರು ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಯಾಕೆ ಕೆಲಸ ಮಾಡಿ ಬರಬೇಕು? ಮುಂದೆ ಕೆಲಸ ಬೇಗ ಸಿಗಲಿ ಅಂತ, ಅನ್ನುತ್ತಾರೆ. ಅದು ಸರಿ. ಆದರೆ ನನಗೆ ಅದಕ್ಕಿಂತ ದೊಡ್ಡದೊಂದು ಕಾರಣ ಗೊತ್ತಿದೆ. ಅದನ್ನು ನಾನು ಕಲಿತದ್ದು ಬೋಲ್ಟ್ ಎಣಿಸುವಾಗ.

ಬಿಬಿಎಂ ಕೊನೆಯ ವರ್ಷ ನನ್ನನ್ನು ಎಂಟು ವಾರದ ತರಬೇತಿಗೆ ಮೈಸೂರಿನ ಒಂದು ಕಾರ್ಖಾನೆಗೆ ಕಳಿಸಿದರು. ಈಗ ನಾನಿರುವ ಕಾರ್ಖಾನೆ ಅಲ್ಲ, ಬೇರೆ. ನನ್ನನ್ನು ಸ್ಟೋರ್ಸ್‌ನಲ್ಲಿ ಕೂರಿಸಿದರು. ಅಲ್ಲಿ ಸಾಲಾಗಿ ಕಬ್ಬಿಣದ ಕಪಾಟುಗಳು. ಪ್ರತಿ ಕಪಾಟಿನಲ್ಲಿ ಬಿನ್‌ಗಳು, ಅಂದರೆ ಮಾಲು ಹಾಕಿಡುವ ಡಬ್ಬಗಳು. ಪ್ರತಿ ಬಿನ್ನಿಗೆ ಒಂದು ಬಿನ್ ಕಾರ್ಡ್ ನೇತುಹಾಕಿರುತ್ತಿದ್ದರು. ಮಾಲು ಬಂದರೆ ಕಾರ್ಡಿನಲ್ಲಿ ಸೇರಿಸಬೇಕು, ಲೈನಿಗೆ, ಅಂದರೆ ಉತ್ಪಾದನೆ ನಡೆಯುವ ಕಡೆಗೆ, ಕೊಟ್ಟರೆ ಕಳೆಯಬೇಕು. ಕಂಪ್ಯೂಟರಿನ ಲೆಡ್ಜರಿನಲ್ಲೂ ಅದೇ ಲೆಕ್ಕ ಇರಬೇಕು. ಮೂರೂ ಒಂದೇ ಇರಬೇಕು ಅಂತ ಪುಸ್ತಕದಲ್ಲಿ ಓದಿದ್ದೆ: ಲೆಡ್ಜರು, ಕಾರ್ಡು, ಕಣ್ಣಿಗೆ ಕಾಣುವ ಮಾಲು.

ಒಂದು ಬೋಲ್ಟಿನ ಲೆಕ್ಕ ಮಾತ್ರ ಕೂಡುತ್ತಿರಲಿಲ್ಲ. ಲೆಡ್ಜರಿನಲ್ಲಿ 2,310 ಇತ್ತು. ಎಣಿಸಿದರೆ 2,174. ಅಂದರೆ 136 ಬೋಲ್ಟು ಇಲ್ಲ. ಒಂದು ಬೋಲ್ಟಿಗೆ 4 ರೂಪಾಯಿ. ಒಟ್ಟು 544 ರೂಪಾಯಿಯ ಮಾಲು.

ಅಷ್ಟು ಸಣ್ಣ ಮೊತ್ತಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ನಿಮಗೆ ಅನ್ನಿಸಬಹುದು. ಆದರೆ ಸ್ಟೋರ್ಸ್‌ನಲ್ಲಿ ಕಂಟ್ರಾಕ್ಟ್ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನಿದ್ದ. ನನ್ನದೇ ವಯಸ್ಸು. ಅವನ ಮೇಲೆ ಅನುಮಾನ ಬಂದಿತ್ತು. ಸಂಜೆ ಗೇಟಿನಲ್ಲಿ ಎಲ್ಲರನ್ನೂ ಹಾಗೇ ಬಿಡುತ್ತಿದ್ದ ಸೆಕ್ಯುರಿಟಿಯವರು ಅವನ ಟಿಫನ್ ಡಬ್ಬಿ ಮಾತ್ರ ತೆಗೆಸಿ ನೋಡುತ್ತಿದ್ದರು. ಅವನು ಏನೂ ಹೇಳುತ್ತಿರಲಿಲ್ಲ. ಡಬ್ಬಿ ಮುಚ್ಚಳ ತೆಗೆದು ತೋರಿಸಿ, ಮತ್ತೆ ಮುಚ್ಚಿ, ತಲೆ ಬಗ್ಗಿಸಿಕೊಂಡು ಹೋಗುತ್ತಿದ್ದ. ನಾನು ಅವನ ಹಿಂದೆ ನಿಂತಿರುತ್ತಿದ್ದೆ. ಅದು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

ಸ್ಟೋರ್ ಕೀಪರ್ ವಯಸ್ಸಾದವರು. ಎಲ್ಲರೂ ಅವರನ್ನು ಅಣ್ಣ ಅನ್ನುತ್ತಿದ್ದರು. ಅವರು ನನಗೆ ಒಂದು ಸ್ಟೂಲ್ ತಂದುಕೊಟ್ಟು, "ಕುಂತ್ಕೊಂಡು ಎಣಿಸು ಕಣವ್ವ, ನಿಂತ್ರೆ ಸೊಂಟ ಹಿಡ್ಕೊತದೆ" ಅಂದರು. ಎರಡನೇ ಸಲ ಎಣಿಸಿದೆ. 2,174. ಮೂರನೇ ಸಲವೂ ಅಷ್ಟೇ.

ಆಮೇಲೆ ಮಾಲು ಒಳಗೆ ಬಂದ ಕಾಗದಗಳನ್ನು ತೆಗೆದೆ. ಮಾಲು ಬಂದಾಗ ಜಿಆರ್‌ಎನ್ ಅಂತ ಒಂದು ರಸೀತಿ ಮಾಡುತ್ತಾರೆ. ಏನು ಬಂತು, ಎಷ್ಟು ಬಂತು, ಎಷ್ಟು ಪಾಸಾಯಿತು ಅಂತ ಅದರಲ್ಲಿ ಇರುತ್ತದೆ. ಅದನ್ನು ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬೋಲ್ಟು ಬರುವುದು ತೂಕದಲ್ಲಿ, 50 ಕೆಜಿ ಚೀಲ. ಲೈನಿಗೆ ಹೋಗುವುದು ಎಣಿಕೆಯಲ್ಲಿ. ಯಾರೂ ಒಂದೊಂದೇ ಎಣಿಸಿ ಒಳಗೆ ತೆಗೆದುಕೊಳ್ಳುವುದಿಲ್ಲ, ಆಗುವುದೂ ಇಲ್ಲ. ಕಂಪ್ಯೂಟರಿನಲ್ಲಿ 'ಒಂದು ಬೋಲ್ಟು 46 ಗ್ರಾಂ' ಅಂತ ಮೊದಲೇ ಹಾಕಿಟ್ಟಿದ್ದರು. ತೂಕ ಹಾಕಿದರೆ ಅದೇ ಭಾಗಿಸಿ ಎಣಿಕೆ ಕೊಡುತ್ತಿತ್ತು.

ನಾನು 100 ಬೋಲ್ಟು ಎಣಿಸಿ ತಕ್ಕಡಿಗೆ ಹಾಕಿದೆ. 4.6 ಕೆಜಿ ಬರಬೇಕಿತ್ತು. 4.8 ಕೆಜಿ ಬಂತು.

ಅಣ್ಣನಿಗೆ ತೋರಿಸಿದೆ. ಅವರು ಬೋಲ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಸಪ್ಲೈಯರ್ ಬದಲಾಗವ್ನೆ. ಇದರ ತಲೆ ವಸಿ ದಪ್ಪ ಕಣವ್ವ" ಅಂದರು. ಡ್ರಾಯಿಂಗಿನಲ್ಲಿ ಹೇಳಿದ ಮಿತಿಯೊಳಗೇ ಇತ್ತು, ಆದ್ದರಿಂದ ಇನ್‌ಸ್ಪೆಕ್ಷನ್ನಿನಲ್ಲಿ ಪಾಸಾಗಿತ್ತು. ಹೊಸ ಸಪ್ಲೈಯರ್ ಕಡೆಯಿಂದ ಅಷ್ಟರಲ್ಲಿ ಮೂರು ಚೀಲ, 150 ಕೆಜಿ ಬಂದಿತ್ತು. 46 ಗ್ರಾಂ ಲೆಕ್ಕದಲ್ಲಿ ಅದು 3,261 ಬೋಲ್ಟು. 48 ಗ್ರಾಂ ಲೆಕ್ಕದಲ್ಲಿ 3,125. ವ್ಯತ್ಯಾಸ 136.

ಆ ಬೋಲ್ಟುಗಳು ಕಳುವಾಗಿರಲಿಲ್ಲ. ಅವು ಹುಟ್ಟೇ ಇರಲಿಲ್ಲ. ಲೆಡ್ಜರಿನಲ್ಲಿ ಮಾತ್ರ ಇದ್ದವು.

ಮಾರನೆಯ ದಿನ ಮ್ಯಾನೇಜರಿಗೆ ಹೇಳಿದೆವು. ಕಂಪ್ಯೂಟರಿನಲ್ಲಿ ತೂಕ ತಿದ್ದಿದರು. ಆ ಸಂಜೆ ಗೇಟಿನಲ್ಲಿ ಆ ಹುಡುಗನ ಡಬ್ಬಿ ತೆಗೆಸಲಿಲ್ಲ. ಅವನು ಒಂದು ಕ್ಷಣ ನಿಂತ, ಕೇಳುತ್ತಾರೇನೋ ಅಂತ. ಯಾರೂ ಕೇಳಲಿಲ್ಲ. ಹೋದ.

ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ನಾವೆಲ್ಲ ಓದುತ್ತೇವೆ, ನಾರ್ಮಲ್ ಲಾಸ್, ಅಬ್ನಾರ್ಮಲ್ ಲಾಸ್ ಅಂತ. ಮಾಮೂಲಿ ನಷ್ಟವನ್ನು ಉತ್ಪಾದನೆಯ ವೆಚ್ಚಕ್ಕೆ ಸೇರಿಸಬೇಕು, ಮಾಮೂಲಿಯಲ್ಲದ ನಷ್ಟವನ್ನು ಕಾಸ್ಟಿಂಗ್ ಲಾಭ ನಷ್ಟದ ಖಾತೆಗೆ ಬರೆಯಬೇಕು. ನಾನು ಆ ಲೆಕ್ಕದಲ್ಲಿ ಪೂರ್ತಿ ಅಂಕ ತೆಗೆದವಳು. ಆದರೆ ಅಬ್ನಾರ್ಮಲ್ ಲಾಸ್ ಅನ್ನುವ ಆ ಒಂದು ಸಾಲಿನ ಹಿಂದೆ ಒಬ್ಬ ಹುಡುಗನ ಅನ್ನ ಇರುತ್ತದೆ ಅಂತ ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಇದೇ ನಾನು ಹೇಳುವ ಆ ದೊಡ್ಡ ಕಾರಣ. ಬಿಸಿನೆಸ್ ಓದುವವರು ಮುಂದೆ ಅಂಕಿಗಳನ್ನು ನೋಡಿ ತೀರ್ಮಾನ ತೆಗೆದುಕೊಳ್ಳುವ ಜಾಗದಲ್ಲಿ ಕೂರುತ್ತಾರೆ. ಆ ಅಂಕಿ ಎಲ್ಲಿಂದ ಬಂತು, ಯಾರ ಕೈಯಿಂದ ಬಂತು, ಯಾವ ತಕ್ಕಡಿಯಿಂದ ಬಂತು ಅನ್ನುವುದನ್ನು ಒಮ್ಮೆಯಾದರೂ ಕಣ್ಣಾರೆ ನೋಡಿರಬೇಕು.

ಇನ್ನೂ ಒಂದು ಮಾತು. ಅಣ್ಣನಿಗೆ ನನಗಿಂತ ನೂರು ಪಾಲು ಜಾಸ್ತಿ ಗೊತ್ತಿತ್ತು. ಅವರಿಗೆ ಮೂರು ಸಲ ಎಣಿಸುವಷ್ಟು ಹೊತ್ತು ಇರಲಿಲ್ಲ ಅಷ್ಟೆ. ಬೆಳಿಗ್ಗೆಯಿಂದ ಇಂಡೆಂಟ್, ಅಂದರೆ ಬೇಕಾದ ಮಾಲಿನ ಚೀಟಿ, ಹಿಡಿದುಕೊಂಡು ಜನ ಬರುತ್ತಲೇ ಇರುತ್ತಾರೆ. ಇಂಟರ್ನ್ ಆಗಿ ಹೋದವರಿಗೆ ಸಮಯ ಇರುತ್ತದೆ. ಒಂದೇ ಪ್ರಶ್ನೆಯ ಹಿಂದೆ ಮೂರು ದಿನ ಓಡಾಡಬಹುದು. ಕಂಪನಿಗಳು ಇದನ್ನು ಅರ್ಥ ಮಾಡಿಕೊಂಡರೆ ವಿದ್ಯಾರ್ಥಿಯಿಂದ ಅವರಿಗೂ ಲಾಭವಿದೆ.

ಈ ಪದ್ಧತಿ ಹೊಸದೇನಲ್ಲ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಅನ್ನುವ ಮೇಷ್ಟ್ರು 27 ಎಂಜಿನಿಯರಿಂಗ್ ವಿದ್ಯಾರ್ಥಿಗಳ ಜೊತೆ ಶುರುಮಾಡಿದರು. ಸ್ವಲ್ಪ ದಿನ ತರಗತಿ, ಸ್ವಲ್ಪ ದಿನ ಕಾರ್ಖಾನೆ. ಬ್ರಿಟನ್ನಿನಲ್ಲಿ ಇದನ್ನೇ ಸ್ಯಾಂಡ್‌ವಿಚ್ ಕೋರ್ಸ್ ಅನ್ನುತ್ತಾರೆ. ಅಲ್ಲಿ ಬಿಸಿನೆಸ್ ಓದುವ ಎಷ್ಟೋ ವಿದ್ಯಾರ್ಥಿಗಳು ಎರಡನೇ ವರ್ಷ ಮುಗಿಸಿ, ಒಂದಿಡೀ ವರ್ಷ ಕಂಪನಿಯಲ್ಲಿ ಸಂಬಳಕ್ಕೆ ಕೆಲಸ ಮಾಡಿ, ಮತ್ತೆ ಕೊನೆಯ ವರ್ಷ ಓದಲು ಬರುತ್ತಾರೆ. ಜರ್ಮನಿಯ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ 1974ರಲ್ಲಿ ಶುರುವಾದ ಪದ್ಧತಿ ಇನ್ನೂ ಬಿಗಿ. ಸುಮಾರು ಮೂರು ತಿಂಗಳು ಕ್ಲಾಸು, ಮೂರು ತಿಂಗಳು ಕಂಪನಿ, ಮೂರು ವರ್ಷವೂ ಹೀಗೇ.

ನಮ್ಮಲ್ಲಿ ಈಗ ಎರಡು ದಾರಿ ಇವೆ. ಅವೆರಡನ್ನೂ ಒಂದೇ ಅಂದುಕೊಂಡು ಜನ ಮೋಸ ಹೋಗುತ್ತಾರೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಇಂಟರ್ನ್‌ಶಿಪ್. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ನಾಲ್ಕನೇ ಸೆಮಿಸ್ಟರ್ ಆದ ಮೇಲೆ 60ರಿಂದ 120 ಗಂಟೆಯ ಇಂಟರ್ನ್‌ಶಿಪ್. ಒಂದು ಕ್ರೆಡಿಟ್‌ಗೆ 30 ಗಂಟೆ. ಎರಡು ಕ್ರೆಡಿಟ್ ಅಂದರೆ 60 ಗಂಟೆ. ಕೇಳಲು ದೊಡ್ಡದಾಗಿ ಕಾಣುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ಭಾಗಿಸಿ ನೋಡಿ. ಎಂಟು ದಿನವೂ ಇಲ್ಲ! ಅಷ್ಟರಲ್ಲಿ ಕ್ಯಾಂಟೀನ್ ಎಲ್ಲಿದೆ ಅಂತ ಗೊತ್ತಾಗುತ್ತದೆ. ಸಾಧ್ಯವಿರುವವರು ಈ ಕನಿಷ್ಠದಲ್ಲೇ ನಿಲ್ಲಬೇಡಿ. ರಜೆಯಲ್ಲಿ ಇನ್ನೂ ಕೆಲವು ವಾರ ಇರುತ್ತೇನೆ ಅಂತ ಕೇಳಿ. ನನ್ನ ಅನುಭವದಲ್ಲಿ ಎರಡು ತಿಂಗಳ ಕೊನೆ ನೋಡಬೇಕು. ಮಂತ್ ಎಂಡ್ ಅನ್ನುತ್ತೇವಲ್ಲ, ಆಗ ಎಲ್ಲ ವಿಭಾಗದ ಲೆಕ್ಕ ಒಂದೇ ಮೇಜಿಗೆ ಬರುತ್ತದೆ. ಎಲ್ಲರ ಮುಖ ಬಿಗಿದಿರುತ್ತದೆ. ಮೊದಲ ಮಂತ್ ಎಂಡ್‌ನಲ್ಲಿ ನಿಮಗೆ ಏನೂ ಅರ್ಥವಾಗುವುದಿಲ್ಲ. ಎರಡನೆಯದರಲ್ಲಿ ಅರ್ಥವಾಗುತ್ತದೆ.

ಎರಡನೆಯದು ಅಪ್ರೆಂಟಿಸ್‌ಶಿಪ್. ಇದಕ್ಕೆ 1961ರ ಅಪ್ರೆಂಟಿಸ್ ಕಾಯ್ದೆಯ ಬೆಂಬಲ ಇದೆ. ಈಗ ಡಿಗ್ರಿಯ ಒಳಗೇ ಅಪ್ರೆಂಟಿಸ್‌ಶಿಪ್ ಸೇರಿಸಿದ ಕೋರ್ಸುಗಳು ಬಂದಿವೆ. ಎಇಡಿಪಿ ಅಂತ ಕರೆಯುತ್ತಾರೆ. ರೀಟೇಲ್, ಲಾಜಿಸ್ಟಿಕ್ಸ್‌ನಂಥ ವಿಷಯಗಳಲ್ಲಿ ಕನಿಷ್ಠ ಒಂದು ಪೂರ್ತಿ ಸೆಮಿಸ್ಟರ್ ಕಂಪನಿಯಲ್ಲೇ ಕಲಿಕೆ. ಇಲ್ಲಿ ಕಂಪನಿಯ ಜೊತೆ ಬರಹದ ಒಪ್ಪಂದ ಇರಬೇಕು. ಸ್ಟೈಪೆಂಡ್ ಕೊಡಲೇಬೇಕು. 2019ರ ನಿಯಮದಲ್ಲಿ ಡಿಗ್ರಿ ಮಟ್ಟದ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ಇಟ್ಟರು. ನೀವು ಸೇರುವ ವರ್ಷ ಎಷ್ಟಿದೆ ಅಂತ ಸರ್ಕಾರದ ಪೋರ್ಟಲಿನಲ್ಲೇ ನೋಡಿಕೊಳ್ಳಿ. ಪೋಷಕರು ಇದನ್ನು ನೆನಪಿಡಬೇಕು: ಕಾನೂನಿನ ಕಣ್ಣಲ್ಲಿ ಅಪ್ರೆಂಟಿಸ್ ಕೆಲಸಗಾರನಲ್ಲ, ಕಲಿಯುವವನು. ಆದರೆ ಕಾರ್ಖಾನೆಯ ಒಳಗೆ ಅವನ ಸುರಕ್ಷತೆ, ಆರೋಗ್ಯದ ಜವಾಬ್ದಾರಿ ಕಂಪನಿಯದು. ಪೆಟ್ಟಾದರೆ ಪರಿಹಾರವೂ ಕೊಡಬೇಕು.

ಯಾವುದೇ ದಾರಿಯಾಗಲಿ, 'ಇಂಟರ್ನ್‌ಶಿಪ್ ಕೊಡಿಸುತ್ತೇವೆ, ಇಷ್ಟು ದುಡ್ಡು ಕಟ್ಟಿ' ಅಂದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಲಿಯುವುದಕ್ಕೆ ಹೋಗುವವರು ಕಂಪನಿಗೆ ಯಾಕೆ ದುಡ್ಡು ಕಟ್ಟಬೇಕು?

ಮಂಡ್ಯದವರು ನನ್ನನ್ನು ಕೇಳುತ್ತಾರೆ, "ಮೇಡಂ, ನಮ್ಮೂರಲ್ಲಿ ಎಂಥ ಕಂಪನಿ ಇದೆ? ಎಲ್ಲ ಮೈಸೂರು, ಬೆಂಗಳೂರಲ್ಲೇ ಅಲ್ವಾ?" ನನಗೆ ಈ ಮಾತು ಕೇಳಿದರೆ ನೋವಾಗುತ್ತದೆ. ವರ್ಕಿಂಗ್ ಕ್ಯಾಪಿಟಲ್, ಅಂದರೆ ದಿನದಿನದ ವ್ಯವಹಾರ ನಡೆಸಲು ಬೇಕಾದ ದುಡ್ಡು, ಅದರ ಬಗ್ಗೆ ಕಲಿಯಲು ಮಂಡ್ಯಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಯೋಚನೆ ಮಾಡಿ. ಈ ಊರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದದ್ದು 1933ರಲ್ಲಿ. ಅವತ್ತಿನಿಂದ ಈ ಜಿಲ್ಲೆಯ ಮನೆಮನೆಗೂ ಸಕ್ಕರೆಯ ಲೆಕ್ಕ ಗೊತ್ತು. ಕಬ್ಬು ಬರುವುದು ವರ್ಷದ ಕೆಲವು ತಿಂಗಳು. ಆ ತಿಂಗಳುಗಳಲ್ಲೇ ಕಾರ್ಖಾನೆ ಅಷ್ಟೂ ಕಬ್ಬನ್ನು ಕೊಂಡು ಅರೆಯಬೇಕು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ರೈತನಿಗೆ ದುಡ್ಡು ಕೊಡಬೇಕು. ತಡವಾದರೆ ವರ್ಷಕ್ಕೆ ಶೇಕಡ 15ರ ಬಡ್ಡಿ. ಆದರೆ ಸಕ್ಕರೆಯನ್ನು ಹಾಗೆ ಒಂದೇ ಸಲ ಮಾರುವಂತಿಲ್ಲ. ಯಾವ ಕಾರ್ಖಾನೆ ಆ ತಿಂಗಳು ಎಷ್ಟು ಮಾರಬಹುದು ಅಂತ ಕೇಂದ್ರ ಸರ್ಕಾರ ಹೇಳುತ್ತದೆ. ಅಂದರೆ ದುಡ್ಡು ಹೋಗುವುದು ನಾಲ್ಕೈದು ತಿಂಗಳಲ್ಲಿ, ಬರುವುದು ಇಡೀ ವರ್ಷ. ನಡುವಿನ ಹಳ್ಳ ತುಂಬಲು ಗೋದಾಮಿನ ಸಕ್ಕರೆಯನ್ನು ಬ್ಯಾಂಕಿಗೆ ಅಡ ಇಟ್ಟು ಸಾಲ ತರಬೇಕು. ಸಾಲಕ್ಕೆ ಬಡ್ಡಿ. ನೀವು ಪರೀಕ್ಷೆಗೆ ಬಾಯಿಪಾಠ ಮಾಡುವ ಆಪರೇಟಿಂಗ್ ಸೈಕಲ್ ಇದೇ. ಅಪ್ಪ ಬಿಲ್ಲಿಗೆ ಕಾಯುತ್ತಿದ್ದ ದಿನಗಳಲ್ಲಿ ನನಗೆ ಕಾರ್ಖಾನೆಯ ಮೇಲೆ ಸಿಟ್ಟು ಮಾತ್ರ ಬರುತ್ತಿತ್ತು. ಆ ಸಿಟ್ಟು ಈಗಲೂ ಹೋಗಿಲ್ಲ, ಹೋಗಬೇಕಾಗೂ ಇಲ್ಲ. ಆದರೆ ದುಡ್ಡು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಈಗ ತೋರಿಸಬಲ್ಲೆ.

ಇನ್ನು ರಿಕವರಿ. 100 ಕೆಜಿ ಕಬ್ಬಿನಿಂದ ಎಷ್ಟು ಕೆಜಿ ಸಕ್ಕರೆ ಬಂತು ಅನ್ನುವ ಲೆಕ್ಕ. 2025–26ರ ಹಂಗಾಮಿಗೆ ಕೇಂದ್ರ ಕೊಟ್ಟ ಎಫ್‌ಆರ್‌ಪಿ ದರ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಕ್ವಿಂಟಾಲಿಗೆ 355 ರೂಪಾಯಿ. ಅದು ಶೇಕಡ 10.25ರ ರಿಕವರಿಗೆ. ಅದಕ್ಕಿಂತ 0.1 ಹೆಚ್ಚಿದರೆ ಕ್ವಿಂಟಾಲಿಗೆ 3.46 ರೂಪಾಯಿ ಜಾಸ್ತಿ. ಕಡಿದ ಕಬ್ಬು ಬಿಸಿಲಲ್ಲಿ ಕಾದಷ್ಟೂ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಹಾಗಾದರೆ ಯಾರ್ಡಿನಲ್ಲಿ ಟ್ರಾಕ್ಟರು ಎಷ್ಟು ಗಂಟೆ ನಿಂತಿತ್ತು, ಅದರಿಂದ ಯಾರಿಗೆ ಎಷ್ಟು ಹೋಯಿತು? ಇದನ್ನು ಒಬ್ಬ ಬಿಬಿಎ ವಿದ್ಯಾರ್ಥಿ ಒಂದು ತಿಂಗಳು ಯಾರ್ಡಿನಲ್ಲಿ ಕೂತು ಬರೆದರೆ, ಅದು ಕಪಾಟಿನಲ್ಲಿ ಧೂಳು ಹಿಡಿಯುವ ಪ್ರಾಜೆಕ್ಟ್ ಆಗುವುದಿಲ್ಲ. ಅವನ ಅಪ್ಪ ಮೊದಲು ಓದುತ್ತಾರೆ.

ಕಬ್ಬು ಬೇಡ ಅಂದರೆ ಹಾಲು. ಗೆಜ್ಜಲಗೆರೆಯಲ್ಲಿ ಹಾಲು ಒಕ್ಕೂಟದ ಡೇರಿ ಇದೆ. ನಿಮ್ಮ ಊರಿನ ಸಂಘದಲ್ಲಿ ಬೆಳಿಗ್ಗೆ ಹಾಲು ಹಾಕುವ ಅಜ್ಜಿಗೂ ಗೊತ್ತು, ದುಡ್ಡು ಬರೀ ಲೀಟರಿಗಲ್ಲ, ಫ್ಯಾಟ್‌ಗೆ ಮತ್ತು ಎಸ್‌ಎನ್‌ಎಫ್‌ಗೆ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶಕ್ಕೆ) ಅಂತ. ಗುಣಮಟ್ಟ ಅಳೆದು ಬೆಲೆ ಕಟ್ಟುವ ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ನೋಡಲು ನೀವು ಎಲ್ಲಿಗೂ ಹೋಗಬೇಕಿಲ್ಲ. ಬೆಲ್ಲ ಇದೆ. ಎಪಿಎಂಸಿಯಲ್ಲಿ ಅಚ್ಚು ಬೆಲ್ಲಕ್ಕೆ ಒಂದು ದರ, ಬಕೆಟ್ ಬೆಲ್ಲಕ್ಕೆ ಇನ್ನೊಂದು ದರ. ಯಾಕೆ? ಯಾರು ಕೊಳ್ಳುತ್ತಾರೆ, ಎಲ್ಲಿಗೆ ಹೋಗುತ್ತದೆ? ಒಂದು ವಾರ ಮಂಡಿಯಲ್ಲಿ ಕೂತರೆ ಮಾರ್ಕೆಟಿಂಗ್ ಪುಸ್ತಕದ ಅರ್ಧ ಅಧ್ಯಾಯಗಳಿಗೆ ಜೀವ ಬರುತ್ತದೆ.

ಮೈಸೂರಿನ ಕಡೆ ಹೋಗುವವರಿಗೂ ಒಂದು ಮಾತು. ಎಲ್ಲರೂ ಹೆಬ್ಬಾಳದ ಸಾಫ್ಟ್‌ವೇರ್ ಕಂಪನಿಯ ಗೇಟಿನ ಕಡೆಗೇ ನೋಡುತ್ತಾರೆ. ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಅಂತ ಸರ್ಕಾರದ ಒಂದು ಕಂಪನಿ ಇದೆ, 1937ರದು. ನಾವು ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ 1962ರ ಚುನಾವಣೆಯಿಂದಲೂ ಅಲ್ಲಿಂದಲೇ ಬರುತ್ತಿದೆ. ಚುನಾವಣೆ ಬಂದಾಗ ರಾಶಿ ರಾಶಿ ಬೇಕು, ಇಲ್ಲದಾಗ ಬೇಡಿಕೆ ಕುಸಿಯುತ್ತದೆ. ಅಂಥ ಪದಾರ್ಥಕ್ಕೆ ಕಚ್ಚಾ ಮಾಲು ಯಾವಾಗ ಕೊಳ್ಳಬೇಕು, ಜನರನ್ನು ಹೇಗೆ ಇಟ್ಟುಕೊಳ್ಳಬೇಕು? ರೇಷ್ಮೆ ಕಾರ್ಖಾನೆ 1912ರದು. ಅಲ್ಲಿ ಒಂದು ಸೀರೆಯಲ್ಲಿ ಎಷ್ಟು ದುಡ್ಡು ಜರಿಗೆ ಹೋಗುತ್ತದೆ, ಜರಿಯ ಬೆಲೆ ಏರಿದರೆ ಸೀರೆಯ ಬೆಲೆಗೆ ಏನಾಗುತ್ತದೆ? ಇಂಥ ಒಂದು ಪ್ರಶ್ನೆ ಕೈಯಲ್ಲಿ ಹಿಡಿದುಕೊಂಡು ಹೋಗಿ. 'ಎ ಸ್ಟಡಿ ಆನ್ ಎಂಪ್ಲಾಯೀ ಸ್ಯಾಟಿಸ್‌ಫ್ಯಾಕ್ಷನ್' ಅಂತ ನೂರು ಜನರಿಗೆ ಟಿಕ್ ಹಾಕುವ ಹಾಳೆ ಹಂಚುವುದು ದಯವಿಟ್ಟು ಬೇಡ. ನನ್ನ ಮೇಜಿನ ಮೇಲೆ ಅಂಥ ಹಾಳೆ ಬಂದರೆ ನಾನು ಟಿಕ್ ಹಾಕುವುದಿಲ್ಲ. ಆ ಮಗುವನ್ನು ಕೂರಿಸಿಕೊಂಡು ಬೇರೆ ಪ್ರಶ್ನೆ ಹುಡುಕಿಕೊಡುತ್ತೇನೆ.

ಹಾಗಂತ ಪುಸ್ತಕ ಸುಮ್ನೆ ಅಂತ ನಾನು ಹೇಳುತ್ತಿಲ್ಲ. ಕಂಪನಿಗೆ ಬಂದ ಮಕ್ಕಳು ಎರಡನೇ ವಾರಕ್ಕೆ "ಮೇಡಂ, ಓದಿದ್ದು ಯಾವುದೂ ಇಲ್ಲಿ ನಡೆಯಲ್ಲ" ಅನ್ನುತ್ತಾರೆ. ಅದು ತಪ್ಪು. ಒಂದು ಲೆಕ್ಕ ತೋರಿಸುತ್ತೇನೆ.

ಇಒಕ್ಯೂ ಅಂತ ಓದಿದ್ದೀರಿ. ಒಂದು ಸಲಕ್ಕೆ ಎಷ್ಟು ಮಾಲು ತರಿಸಿದರೆ ಖರ್ಚು ಕಡಿಮೆ ಅನ್ನುವ ಸೂತ್ರ. ಫೋರ್ಡ್ ಹ್ಯಾರಿಸ್ ಅನ್ನುವವರು 1913ರಲ್ಲಿ ಕೊಟ್ಟದ್ದು. ವರ್ಷಕ್ಕೆ 12,000 ಬಿಡಿಭಾಗ ಬೇಕು ಅಂದುಕೊಳ್ಳಿ. ಒಂದು ಆರ್ಡರಿಗೆ 300 ರೂಪಾಯಿ ಖರ್ಚು. ಒಂದನ್ನು ವರ್ಷವಿಡೀ ಗೋದಾಮಿನಲ್ಲಿ ಇಟ್ಟುಕೊಳ್ಳಲು 20 ರೂಪಾಯಿ. ಸೂತ್ರ ಹಾಕಿದರೆ 600 ಬರುತ್ತದೆ. ಆದರೆ ಪರ್ಚೇಸಿನವರು ಪ್ರತಿ ಸಲ 1,000 ತರಿಸುತ್ತಿರುತ್ತಾರೆ. ವಿದ್ಯಾರ್ಥಿಗೆ ಬೇಸರ, ಸೂತ್ರ ಯಾರೂ ನೋಡುವುದಿಲ್ಲ ಅಂತ.

ನಾನು ಅವರಿಗೆ ಹೇಳುತ್ತೇನೆ, ಎರಡಕ್ಕೂ ಖರ್ಚು ಹಾಕಿ ನೋಡು. 600ರಂತೆ ತರಿಸಿದರೆ ವರ್ಷಕ್ಕೆ 20 ಆರ್ಡರು, 6,000 ರೂಪಾಯಿ. ಗೋದಾಮಿನಲ್ಲಿ ಸರಾಸರಿ 300 ಇರುತ್ತದೆ, ಅದಕ್ಕೆ 6,000. ಒಟ್ಟು 12,000. 1,000ದಂತೆ ತರಿಸಿದರೆ 12 ಆರ್ಡರು, 3,600. ಸರಾಸರಿ 500 ಇರುತ್ತದೆ, ಅದಕ್ಕೆ 10,000. ಒಟ್ಟು 13,600. ವ್ಯತ್ಯಾಸ ವರ್ಷಕ್ಕೆ 1,600 ರೂಪಾಯಿ. ಈಗ ಪರ್ಚೇಸಿನ ಅಣ್ಣನ ಹತ್ತಿರ ಹೋಗಿ ಕೇಳು, 1,000 ಯಾಕೆ ಅಂತ. ಟೆಂಪೊ ಪೂರ್ತಿ ತುಂಬುವುದು ಅಷ್ಟಕ್ಕೆ, ಅರ್ಧ ತುಂಬಿದ ಟೆಂಪೊಗೂ ಪೂರ್ತಿ ಬಾಡಿಗೆ ಕೊಡಬೇಕು ಅನ್ನುತ್ತಾರೆ. ಹಾಗಾದರೆ ವರ್ಷಕ್ಕೆ ಎಂಟು ಟೆಂಪೊ ಬಾಡಿಗೆ ಉಳಿಯುತ್ತಿದೆ. ಅದು 1,600ಕ್ಕಿಂತ ಜಾಸ್ತಿಯಾ ಕಡಿಮೆಯಾ? ಅಷ್ಟೇ ಪ್ರಶ್ನೆ. ಸೂತ್ರ ಅಣ್ಣನ ತಪ್ಪು ಹಿಡಿಯಲು ಇರುವುದಲ್ಲ. ಸೂತ್ರ ಬಿಟ್ಟರೆ ಎಷ್ಟು ಖರ್ಚು ಅಂತ ಹೇಳಲು ಇರುವುದು. ಇದು ತಿಳಿದ ದಿನ ಆ ಮಗುವಿನ ಮುಖ ನೋಡಬೇಕು ನೀವು.

ಈಗ ಒಂದು ಕಷ್ಟದ ಮಾತು. ಕೆಲವು ವರ್ಷದ ಹಿಂದೆ ಒಂದು ಕಾಲೇಜಿನಿಂದ ಒಬ್ಬ ಹುಡುಗ ಬಂದ. "ಮೇಡಂ, ಬರೀ ಸರ್ಟಿಫಿಕೇಟ್ ಕೊಡಿ ಸಾಕು, ರಿಪೋರ್ಟ್ ನಾನು ಹೊರಗೆ ಮಾಡಿಸ್ಕೋತೀನಿ" ಅಂದ. ಯಾಕಪ್ಪ ಅಂತ ಕೇಳಿದೆ. ಸಂಜೆ ಹೋಟೆಲಿನಲ್ಲಿ ಸಪ್ಲೈಯರ್ ಕೆಲಸ ಮಾಡುತ್ತಿದ್ದ. ಹಗಲು ಇಲ್ಲಿ ಬಂದರೆ ಬಸ್ಸಿನ ಖರ್ಚು, ಊಟದ ಖರ್ಚು. ಸ್ಟೈಪೆಂಡ್ ಇಲ್ಲ. ಸುಳ್ಳು ಸರ್ಟಿಫಿಕೇಟ್ ಕೊಡುವುದಿಲ್ಲ ಅಂದೆ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಹುಡುಗ ದಿನಾ ಹೋಟೆಲಿನಲ್ಲಿ ಬಿಸಿನೆಸ್ಸನ್ನೇ ಮಾಡುತ್ತಿದ್ದಾನೆ! ಎಷ್ಟು ದೋಸೆ ಹಿಟ್ಟು ಉಳಿಯಿತು, ಭಾನುವಾರ ಎಷ್ಟು ಜನ ಜಾಸ್ತಿ, ಪಾರ್ಸೆಲ್‌ಗೆ ಎಷ್ಟು ಹೊತ್ತು. ಮಾರನೆಯ ದಿನ ಅವನ ಕಾಲೇಜಿನ ಮೇಡಂಗೆ ಫೋನ್ ಮಾಡಿ, ಆ ಹೋಟೆಲನ್ನೇ ಅವನ ಇಂಟರ್ನ್‌ಶಿಪ್ ಜಾಗ ಅಂತ ಒಪ್ಪಲು ಆಗುತ್ತದಾ ಅಂತ ಕೇಳಿದೆ. ಒಪ್ಪಿದರು. ಅವನು ಬರೆದ ರಿಪೋರ್ಟ್ ನನಗೂ ಒಂದು ಪ್ರತಿ ತಂದುಕೊಟ್ಟ. ಆರು ವಾರ, ದಿನಕ್ಕೆ ಎಷ್ಟು ಹಿಟ್ಟು ರುಬ್ಬಿದರು, ಎಷ್ಟು ಮಿಕ್ಕಿತು, ಅಷ್ಟೇ. ಮಳೆ ಬಂದ ದಿನಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿದ್ದ. ಮಾಲೀಕರು ಅದನ್ನು ನೋಡಿ ಮಳೆಯ ದಿನ ಹಿಟ್ಟು ಕಡಿಮೆ ಮಾಡಿದರಂತೆ.

ಹಾಗಾಗಿ ಇಲ್ಲಿರುವ ಅಧ್ಯಾಪಕರಲ್ಲಿ ನನ್ನ ಬೇಡಿಕೆ ಇದು. ಈಗಾಗಲೇ ದುಡಿಯುತ್ತಿರುವ ಮಕ್ಕಳ ಕೆಲಸವನ್ನು ಕೆಲಸ ಅಂತ ಒಪ್ಪಿಕೊಳ್ಳಿ. ಅಂಗಡಿ, ಹೋಟೆಲು, ರೈಸ್ ಮಿಲ್ಲು, ಅಪ್ಪನ ಆಲೆಮನೆ, ಯಾವುದಾದರೂ ಸರಿ. ಒಂದು ಪ್ರಶ್ನೆ ಮಾತ್ರ ಕೊಡಿ, ದಿನಾ ಬರೆಯಲು ಹೇಳಿ. ವಾರಕ್ಕೊಂದು ಸಲ ನೀವೇ ಓದಿ. ಕಂಪನಿಗಳಲ್ಲಿ ನನ್ನ ಬೇಡಿಕೆ ಇನ್ನೊಂದು. ಬಂದ ಮಕ್ಕಳನ್ನು ಝೆರಾಕ್ಸ್ ಮಾಡಲು, ಫೈಲ್ ಜೋಡಿಸಲು ಮಾತ್ರ ಕೂರಿಸಬೇಡಿ. ಕಾನೂನು ಸ್ಟೈಪೆಂಡ್ ಕೇಳದಿದ್ದರೂ ಬಸ್ಸಿನ ದುಡ್ಡು, ಕ್ಯಾಂಟೀನ್ ಊಟ ಕೊಡಿ. ಒಂದು ಕಾರ್ಖಾನೆಗೆ ಅದು ದೊಡ್ಡ ಖರ್ಚಲ್ಲ. ಬಡ ಮನೆಯ ಮಗುವಿಗೆ ಬರಲು ಆಗುತ್ತದಾ ಇಲ್ಲವಾ ಅನ್ನುವುದು ಅದರ ಮೇಲೆ ನಿಂತಿದೆ.

ಮಕ್ಕಳಿಗೆ ಹೇಳುವುದು ಕಡಿಮೆ. 80 ಪುಟದ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾ ಸಂಜೆ ಅರ್ಧ ಪುಟ ಬರೆಯಿರಿ, ಕನ್ನಡದಲ್ಲೇ. ಇವತ್ತು ನೋಡಿದ ಒಂದು ಅಂಕಿ, ಅದು ಎಲ್ಲಿಂದ ಬಂತು, ಯಾರನ್ನು ಕೇಳಿದೆ. ಕಾರ್ಖಾನೆಯಲ್ಲಿ ಹೆಲ್ಪರಿಂದ ಹಿಡಿದು ಎಲ್ಲರಿಗೂ ನಮಸ್ಕಾರ ಹೇಳಿ. ಕಂಪನಿಯ ಬೆಲೆ, ಗಿರಾಕಿಗಳ ವಿವರ ಹೊರಗೆ ಹೇಳಬೇಡಿ, ಫೋಟೊ ತೆಗೆಯಬೇಡಿ. ಶಾಪ್ ಫ್ಲೋರಿಗೆ ಚಪ್ಪಲಿಯಲ್ಲಿ ಹೋಗಬೇಡಿ. ದುಪಟ್ಟಾ ಇದ್ದರೆ ಗಂಟು ಹಾಕಿಕೊಳ್ಳಿ, ತಿರುಗುವ ಯಂತ್ರ ಯಾರನ್ನೂ ನೋಡುವುದಿಲ್ಲ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಒಬ್ಬ ವಿದ್ಯಾರ್ಥಿನಿ, ಇಂಗ್ಲಿಷ್ ಸರಿಯಾಗಿ ಬರದಿದ್ದರೆ ಕಂಪನಿಯಲ್ಲಿ ಕಷ್ಟ ಆಗಲ್ವಾ ಅಂದಳು. ಮೈಸೂರಿನ ಕಾರ್ಖಾನೆಗಳ ಒಳಗೆ ಮಾತು ನಡೆಯುವುದು ಹೆಚ್ಚಾಗಿ ಕನ್ನಡದಲ್ಲೇ, ಇಮೇಲ್ ಮತ್ತು ಕಾಗದ ಇಂಗ್ಲಿಷಿನಲ್ಲಿ ಅಂದೆ. ಮೊದಲ ವಾರ ಅವರ ಹಳೆಯ ಇಮೇಲ್‌ಗಳನ್ನು ಓದಲು ಕೇಳಿಕೊಂಡರೆ, ಬೇಕಾದ ಐವತ್ತು ವಾಕ್ಯ ಅಲ್ಲೇ ಸಿಗುತ್ತವೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಅಪ್ಪ ಎದ್ದು ನಿಂತರು. ಹೆಗಲ ಮೇಲೆ ಟವೆಲ್ ಇತ್ತು. "ಅಲ್ಲ ಕಣಮ್ಮ, ನೀವೇನೋ ಚೆನ್ನಾಗಿ ಹೇಳಿದ್ರಿ. ಹೆಣ್ಮಗೀನ ಗೊತ್ತಿಲ್ದಿರೊ ಜಾಗಕ್ಕೆ ಕಳಿಸ್ತೀವಿ. ಏನಾದ್ರೂ ಆದ್ರೆ ಯಾರನ್ನ ಕೇಳದು?" ಅಂದರು.

ನಾನು ಕಾಯುತ್ತಿದ್ದ ಪ್ರಶ್ನೆ ಅದೇ. 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಅದರ ಮುಖ್ಯಸ್ಥೆ ಹೆಂಗಸೇ ಆಗಿರಬೇಕು. ತರಬೇತಿಗೆ ಬಂದವರು, ಅಪ್ರೆಂಟಿಸ್‌ಗಳು ಎಲ್ಲರೂ ಆ ಕಾಯ್ದೆಯ ಒಳಗೆ ಬರುತ್ತಾರೆ. ಸಂಬಳ ಇಲ್ಲದಿದ್ದರೂ ಬರುತ್ತಾರೆ. ಹತ್ತಕ್ಕಿಂತ ಕಡಿಮೆ ಜನರಿರುವ ಜಾಗಕ್ಕೆ ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ಸಮಿತಿ ಇರುತ್ತದೆ. ಮಗಳನ್ನು ಸೇರಿಸುವ ಮೊದಲೇ ಆ ಸಮಿತಿಯವರ ಹೆಸರು, ನಂಬರ್ ಕೊಡಿ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಕೊಡಲು ಹಿಂದೆ ಮುಂದೆ ನೋಡುವ ಜಾಗಕ್ಕೆ ಕಳಿಸಬೇಡಿ. ಜನರಲ್ ಶಿಫ್ಟಿನಲ್ಲಿ ಮಾತ್ರ ಇರುತ್ತಾಳೆ ಅಂತ ಕಾಲೇಜಿನ ಪತ್ರದಲ್ಲಿ ಬರೆಸಿ. ಮೊದಲ ದಿನ ನೀವೂ ಜೊತೆಗೆ ಹೋಗಿ ಗೇಟು ನೋಡಿ ಬನ್ನಿ. ನಮ್ಮಪ್ಪ ಬಂದಿದ್ದರು. ಪಂಚೆ ಉಟ್ಟುಕೊಂಡು ಗೇಟಿನ ಹೊರಗೆ ಮರದ ಕೆಳಗೆ ಮಧ್ಯಾಹ್ನದವರೆಗೂ ಕೂತಿದ್ದರು. ಊಟದ ಹೊತ್ತಿಗೆ ಸ್ಟೋರ್ ಕೀಪರ್ ಅಣ್ಣನೇ ಹೋಗಿ ಅವರನ್ನು ಮಾತಾಡಿಸಿ ಬಂದರು. ಆಮೇಲೆ ಅಪ್ಪ ಒಬ್ಬರೇ ರೈಲು ಹತ್ತಿದರು.

ಪ್ರಶ್ನೆ ಕೇಳಿದವರು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದರು. ಆಮೇಲೆ ಕೇಳಿದರು, "ಜನರಲ್ ಶಿಫ್ಟು ಎಷ್ಟೊತ್ಗೆ ಬಿಡತದೆ?"

ಸಾಮಾನ್ಯವಾಗಿ ಐದೂವರೆ ಅಂದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಮೈಸೂರಿನಿಂದ ಮಂಡ್ಯ ಕಡೆಗೆ ರಾತ್ರಿಯವರೆಗೂ ಬಸ್ಸಿದೆ ಅಂದೆ. ಅವರು ಪಕ್ಕದಲ್ಲಿ ಕೂತಿದ್ದ ಮಗಳ ಕೈಯಿಂದ ಪೆನ್ನು ತೆಗೆದುಕೊಂಡು, ಅಂಗೈ ಮೇಲೆ ಸಮಯ ಬರೆದುಕೊಂಡರು.